ನಾರಂಜ್ ತೋಟದ ಕಿವಿಶಕುನ

ಯಜ್ದ್ ಊರಿನ ನಾರಂಜ್ ತೋಟದ ಹೋಟೆಲಿಗೆ ಯಾರೇ ಫೋನ್ ಮಾಡಲಿ, ಎತ್ತುವವಳು ಇಫ್ಫತ್ ಒಬ್ಬಳೇ. ಆದರೆ ಮಾತಾಡುವವಳು ಯಾವ ಇಫ್ಫತ್ ಎನ್ನುವುದು ಫೋನ್ ಮಾಡಿದವರ ಊರಿನ ಮೇಲೆ ಹೋಗುತ್ತಿತ್ತು. ತೆಹರಾನಿನ ಕರೆಗೆ ಮೂಗಿನ ತುದಿಯಿಂದ ಇಳಿಯುವ ದನಿ, ತಬ್ರೀಜಿನವರಿಗೆ ಎದೆಯಾಳದ ಗಡಸು, ಶಿರಾಜಿನವರಿಗೆ ಮಧ್ಯಾಹ್ನದ ನಿದ್ದೆಯಿಂದ ಈಗಷ್ಟೇ ಎದ್ದವಳ ಎಳೆತ. ಇಸ್ಫಹಾನಿನ ವ್ಯಾಪಾರಿಯೊಬ್ಬ "ಬೆಳಗಿನ ತಿಂಡಿ ಬಾಡಿಗೇಲೇ ಸೇರಿದ್ಯಾ?" ಎಂದು ರಾಗ ಎಳೆದರೆ ಅದೇ ರಾಗ ಎತ್ತಿಕೊಂಡು "ಸೇರಿದೆ ಆಗಾ, ಹಸಿವು ಮಾತ್ರ ನೀವೇ ತರಬೇಕು" ಎನ್ನುತ್ತಿದ್ದಳು. ಆತ ನಕ್ಕು ಕೋಣೆ ಹಿಡಿಯುತ್ತಿದ್ದ. ಹೋಟೆಲಿಗೆ ಬಂದ ಮೇಲೆ, ಫೋನಿನಲ್ಲಿ ಮಾತಾಡಿದ ತನ್ನೂರಿನ ಹೆಣ್ಣುಮಗಳು ಎಲ್ಲಿ ಎಂದು ಹುಡುಕುತ್ತಿದ್ದ.

ಮದುವೆ ಮುರಿದುಕೊಂಡ ವರ್ಷ ಅವಳು ಈ ಕೆಲಸಕ್ಕೆ ಸೇರಿದ್ದಳು. ಈಗ ತಲೆಯಲ್ಲಿ ಬಿಳಿಕೂದಲು ಕಪ್ಪಿನ ಜೊತೆ ಜಾಗಕ್ಕಾಗಿ ತಳ್ಳಾಡುತ್ತಿತ್ತು. ವಾಸ ಹೆಬ್ಬಾಗಿಲ ಪಕ್ಕದ ಕೋಣೆಯಲ್ಲೇ. ಬೇರೆಡೆ ಕೆಲಸ ಸಿಗುವುದಿಲ್ಲವೆಂದೇನೂ ಅಲ್ಲ. ಊರಲ್ಲಿ ಹೋಟೆಲುಗಳಿಗೇನು ಬರ. ಆದರೆ ಬೇರೆ ಎಲ್ಲೂ ಅವಳನ್ನು ಇಷ್ಟೊಂದು ಜನವಾಗಿ ಬಾಳಲು ಬಿಡುತ್ತಿರಲಿಲ್ಲ.

ತೋಟ ಫಖ್ರಿ ಖಾನುಮ್ ಅವರದು. ಅವರ ಮುತ್ತಜ್ಜ ರೇಷ್ಮೆ ಮಾರಿ ಕಟ್ಟಿಸಿದ್ದು. ನಡುವೆ ಉದ್ದನೆಯ ಕೊಳ, ಸುತ್ತ ದಾಳಿಂಬೆ, ನಾರಂಜ್ ಎಂದು ಕರೆಯುವ ಹೇರಳೆಯ ಕುಂಡಗಳು, ಎರಡು ಸಾಲು ಸೈಪ್ರಸ್ ಮರ, ಮೇಲೆ ಊರ ಗಾಳಿಯನ್ನೆಲ್ಲ ಹಿಡಿದು ಕೋಣೆಗೆ ಇಳಿಸುವ ಗಾಳಿಗೋಪುರ. ಒಂದು ಕಾಲಕ್ಕೆ ಬೆಟ್ಟದ ಬುಡದಿಂದ ನೆಲದೊಳಗಿನ ಸುರಂಗದಲ್ಲಿ ನಡೆದು ಬಂದ ನೀರು ಈ ಕೊಳದಲ್ಲಿ ಕಣ್ಣು ಬಿಡುತ್ತಿತ್ತು. ಸುರಂಗ ಬತ್ತಿದ ಮೇಲೆ ಈಗ ಟ್ಯಾಂಕರ್ ಬರುತ್ತದೆ, ಅದೂ ಚಾಲಕನ ಮನಸ್ಸು ಬಂದಾಗ. ಛಾವಣಿ ಪ್ರತಿ ಚಳಿಗಾಲಕ್ಕೂ ಒಂದೊಂದು ಹೆಂಟೆಯಾಗಿ ಉದುರುತ್ತಿತ್ತು. ಬರುವ ಜನ ಕಡಿಮೆಯಾಗಿದ್ದರು. ಧಣಿ ದಣಿದಿದ್ದರು.

ವಸಂತಕ್ಕೆ ಹೊಸ ವರ್ಷ ಹುಟ್ಟುವ ಆ ನಾಡಿನಲ್ಲಿ, ವರ್ಷದ ಕೊನೆಯ ತಿಂಗಳಲ್ಲಿ, ಕಟ್ಟಡ ಕಟ್ಟುವ ವುಸೂಕಿ ಎಂಬಾತ ಸುತ್ತಿದ ನಕ್ಷೆಯೊಂದನ್ನು ಕಂಕುಳಲ್ಲಿಟ್ಟುಕೊಂಡು ಬಂದ. ಕೊಳದ ಪಕ್ಕದ ಮಂಚದ ಮೇಲೆ ಕೂತು ಚಹಾ ಕುಡಿದ, ಗೋಪುರ ನೋಡಿ ನಿಟ್ಟುಸಿರಿಟ್ಟ, ಹೊಸ ವರ್ಷದ ರಜೆ ಮುಗಿದ ಕೂಡಲೇ ಉತ್ತರ ಬೇಕೆಂದು ಹೇಳಿ ಹೋದ. ಅವನು ಗೇಟು ದಾಟುವ ಮೊದಲೇ ಇಫ್ಫತ್ ಅಡುಗೆಮನೆಯಲ್ಲಿ ವುಸೂಕಿಯಾಗಿದ್ದಳು.

"ಅಂದ್ರೆ, ನಾನೇನ್ ಹೇಳ್ತೀನಿ ಅಂದ್ರೆ, ಖಾನುಮ್," ಎಂದು ಹೊಟ್ಟೆ ಮುಂದೆ ಮಾಡಿ, ಗಂಟಲಲ್ಲಿ ಜೇನು ಸುರಿದುಕೊಂಡು ಹೇಳಿದಳು, "ಈ ಕೊಳ ಇದೆಯಲ್ಲ, ಇದನ್ನ ನಾವು ಮುಟ್ಟೋದೇ ಇಲ್ಲ. ಮೇಲೆ ಮುಚ್ತೀವಿ, ಅಷ್ಟೆ. ಕಾರು ನಿಲ್ಸೋಕೆ. ಗೋಪುರಾನೂ ಇಟ್ಕೋತೀವಿ, ಖಾನುಮ್, ನೆನಪಿಗೆ! ಅದ್ರ ಮೇಲೊಂದು ದೀಪದ ಬೋರ್ಡು. ಅಂದ್ರೆ, ನಾನೇನ್ ಹೇಳ್ತೀನಿ ಅಂದ್ರೆ, ಐದಂತಸ್ತು. ಎಲ್ಲಾ ಅಂಗಡಿ. ಕೆಳಗಡೆ ಚಪ್ಪಲಿ, ಮೇಲ್ಗಡೆ ಚಪ್ಪಲಿ, ನಡೂ ಮಧ್ಯ ಬೇಕಾದ್ರೆ ಒಂದು ಮರ. ಪ್ಲಾಸ್ಟಿಕ್ಕಿಂದು, ನೀರೇ ಬೇಡ!"

ಅಡುಗೆಯ ತೂಬಾ ಸೌಟು ಹಿಡಿದೇ ನಕ್ಕಳು. ನಗು ಅರ್ಧದಲ್ಲಿ ಅಳುವಾಯಿತು. ಅವಳ ಗಂಡ, ತೋಟದ ಮಾಲಿ ಮಶ್ ಬೆಮಾನ್, ಬಾಗಿಲಲ್ಲಿ ನಿಂತು ಮೀಸೆ ಕಚ್ಚಿದ.

ಮಾರನೆಯ ಬೆಳಿಗ್ಗೆ ಫಖ್ರಿ ಖಾನುಮ್ ಮೂವರನ್ನೂ ಕರೆದು ಕೇಳಿದರು: "ವುಸೂಕಿ ತೋಟ ಕೇಳ್ತಿದಾನೆ. ಏನಂತೀರಿ?"

ಮಶ್ ಬೆಮಾನ್ ಎದೆಯ ಮೇಲೆ ಕೈಯಿಟ್ಟ. "ಖಾನುಮ್ ಹೇಳಿದ್ದೇ ಸರಿ."

"ನಾವ್ಯಾರು ಹೇಳೋಕೆ?" ಎಂದಳು ತೂಬಾ. "ನಿಮ್ಮ ನೆರಳಲ್ಲಿ ಇರೋರು."

"ನಿಮ್ಮ ಅಪ್ಪಣೆ ನಮ್ಮ ಕಣ್ಮೇಲೆ," ಎಂದಳು ಇಫ್ಫತ್, ಕಣ್ಣ ರೆಪ್ಪೆಗೆ ಬೆರಳು ಮುಟ್ಟಿಸಿ.

ಅಲ್ಲಿಗೆ ಮಾತು ಮುಗಿಯಿತು. ಮೂವರೂ ಬೇರೆ ಬೇರೆ ಮೂಲೆಗೆ ಹೋಗಿ ಅತ್ತರು. ಫಖ್ರಿ ಖಾನುಮ್ ತಮ್ಮ ಕೋಣೆಯ ಬಾಗಿಲು ಸ್ವಲ್ಪ ಜೋರಾಗಿಯೇ ಹಾಕಿಕೊಂಡರು. ಯಜ್ದಿನ ಮರ್ಯಾದೆಯೇ ಹಾಗೆ. ಒಳಗೆ ಕೆಂಡವಿದ್ದರೂ ಹೊರಗೆ ಗುಲಾಬಿನೀರು ಚಿಮುಕಿಸುತ್ತದೆ.

ವಾರ ಕಳೆದ ಮೇಲೆ ಖಾನುಮ್, ಸಮೋವರಿನ ಮುಂದೆ ಇಫ್ಫತ್ ಒಬ್ಬಳೇ ಸಿಕ್ಕಾಗ, ಸಕ್ಕರೆ ಗಡ್ಡೆಯನ್ನು ಹಲ್ಲಲ್ಲಿ ಹಿಡಿದುಕೊಂಡೇ ಹೇಳಿದರು: "ನಾನು ಕಿವಿಶಕುನ ಕೇಳ್ತೀನಿ ಕಣೇ."

"ಈ ಕಾಲದಲ್ಲಾ, ಖಾನುಮ್?"

"ಯಾಕೆ, ಈ ಕಾಲದವರಿಗೆ ಕಿವಿ ಇಲ್ವಾ? ನಮ್ಮಮ್ಮ ಮದುವೆಗೆ ಒಪ್ಪೋ ಮುಂಚೆ ಕೇಳಿದ್ಲು. ಬರೋ ಮಂಗಳವಾರ, ವರ್ಷದ ಕೊನೇ ಮಂಗಳವಾರದ ಸಂಜೆ, ಪದ್ಧತಿ ಪ್ರಕಾರ ಎಲ್ಲಾ ಬೆಂಕಿ ಹಾರೋ ಹೊತ್ತಿಗೆ, ಹಳೇ ನೀರತೊಟ್ಟಿ ಗಲ್ಲಿ ಮೂಲೇಲಿ ನಿಂತ್ಕೋತೀನಿ. ಕಾಲ್ಕೆಳಗೆ ಹೆಬ್ಬಾಗಿಲ ಬೀಗದ ಕೈ. ಮೊದಲು ದಾಟೋರು ಒಳ್ಳೇ ಮಾತಾಡಿದ್ರೆ ತೋಟ ಉಳೀತು. ಜಗಳ, ಅಳು, ಶಾಪ ಕಿವಿಗೆ ಬಿತ್ತೋ, ವುಸೂಕಿಗೆ ಹೂಂ ಅಂತೀನಿ. ಯಾರಿಗೂ ಹೇಳಬೇಡ."

"ನನ್ನ ಬಾಯಿಗೆ ಬೀಗ," ಎಂದಳು ಇಫ್ಫತ್, ಮತ್ತು ಆ ಬೀಗವನ್ನು ತೆಗೆದುಕೊಂಡು ನೇರವಾಗಿ ಅಡುಗೆಮನೆಗೆ ಹೋದಳು.

ಉಪಾಯ ಅಡುಗೆಮನೆ ತಲುಪುವಷ್ಟರಲ್ಲೇ ಹುಟ್ಟಿತ್ತು. ಶಕುನ ಕೇಳುವವರು ಗೋಡೆಯ ಮರೆಯಲ್ಲಿ ನಿಲ್ಲಬೇಕು, ಮುಖ ನೋಡುವಂತಿಲ್ಲ. ಬರುವುದು ದನಿ ಮಾತ್ರ. ದನಿಗೇನು ಕೊರತೆ? ಇಫ್ಫತ್ ಒಬ್ಬಳೇ ಇಬ್ಬರು ಹೆಂಗಸರಾಗಿ ಆ ಮೂಲೆ ದಾಟುತ್ತಾಳೆ. ಒಬ್ಬಳು ಹಿಂದೆ ಹೋಟೆಲಿಗೆ ಬರುತ್ತಿದ್ದ ಕಿರ್ಮಾನಿನ ಮುದುಕಿ, ಇನ್ನೊಬ್ಬಳು ಹೊಸದಾಗಿ ಹೆತ್ತ ಸೊಸೆ.

"ಕೇಳು ತೂಬಾ," ಎಂದು ಅವಳು ಬೆನ್ನು ಬಾಗಿಸಿ, ಹಲ್ಲಿಲ್ಲದ ಬಾಯಿ ಮಾಡಿದಳು: "ಏ ಸೊಸೇ, ಅಜ್ಜನ ಮನೆ ಮಾರ್ಲಿಲ್ಲ ನೋಡು, ಅದಕ್ಕೇ ಮನೇಲಿ ತೊಟ್ಟಿಲು ತೂಗ್ತು!" ಥಟ್ಟನೆ ನೆಟ್ಟಗಾಗಿ, ಗೆಜ್ಜೆ ಉದುರಿದಂಥ ದನಿಯಲ್ಲಿ: "ಹೌದತ್ತೇ, ಈ ವರ್ಷ ಎಲ್ಲಾ ಶುಭಾನೇ!"

ತೂಬಾಳ ಕೈಯಲ್ಲಿದ್ದ ಮೆಂತ್ಯದ ಕಟ್ಟು ಜಾರಿತು. "ಅಯ್ಯೋ, ಆ ಮುದುಕಿ ಸತ್ತೇಹೋಗಿದ್ಳಲ್ಲೇ, ಎಲ್ಲಿಂದ ಕರ್ಕೊಂಡ್ಬಂದೆ?"

ಎಲ್ಲ ಸರಿಯಿತ್ತು. ಆದರೆ ಹೊಸ ವರ್ಷದ ಮುಂಚೆ ಮನೆ ಗುಡಿಸುವುದಿದೆಯಲ್ಲ. ಹೋಟೆಲಿನ ಜಮಖಾನಗಳನ್ನೆಲ್ಲ ಗೋಡೆಗೆ ಹಾಕಿ ಬಡಿದರು. ಮುತ್ತಜ್ಜನ ಕಾಲದ ಧೂಳು ಇಫ್ಫತ್‌ಳ ಗಂಟಲಿಗಿಳಿಯಿತು. ಮೇಲಿನಿಂದ ತಣ್ಣನೆಯ ಮರಳುಗಾಳಿ. ಅದರ ಮೇಲೆ, ಬರಬೇಕಾದ ದಿನ ಬರದ ಟ್ಯಾಂಕರಿನವನ ಜೊತೆ ಫೋನಿನಲ್ಲಿ ಒಂದು ಗಂಟೆ ಕೂಗಾಟ. ಸೋಮವಾರ ಬೆಳಿಗ್ಗೆ ಅವಳು ಎದ್ದು "ಸಲಾಮ್" ಎಂದಾಗ ಬಂದದ್ದು ಬಾಗಿಲ ತಿರುಗಣಿಯ ಕಿರಕು.

ತೂಬಾ ಟರ್ನಿಪ್ ಬೇಯಿಸಿ ತಿನ್ನಿಸಿದಳು. ಸಿಹಿನಿಂಬೆ ಹಿಂಡಿದಳು. ಬಿಹಿದಾನೆ ಬೀಜ ನೆನೆಸಿ, ಲೋಳೆಲೋಳೆಯಾದ ನೀರನ್ನು ಚಮಚದಲ್ಲಿ ಹಾಕಿದಳು. ಸಂಜೆಗೆ ಕಿರಕೂ ನಿಂತು ಬರೀ ಗಾಳಿ ಉಳಿಯಿತು. ಧಣಿ ಕೈಬಿಡುವ ಹೊತ್ತಿಗೆ ದನಿಯೂ ಕೈಬಿಟ್ಟಿತ್ತು.

ಮಂಗಳವಾರ ಮಧ್ಯಾಹ್ನ ಇಫ್ಫತ್ ಗಂಡಹೆಂಡಿರಿಬ್ಬರನ್ನೂ ಒಲೆಯ ಮುಂದೆ ನಿಲ್ಲಿಸಿ, ಕೈಸನ್ನೆಯಲ್ಲೂ ಪಿಸುಗುಟ್ಟುತ್ತಲೂ ಹೇಳಿದಳು: ನೀವೇ ಹೋಗಬೇಕು. ಬೇರೆ ಯಾರಿಗಾದರೂ ಹೇಳಿದರೆ ರಾತ್ರಿಯೊಳಗೆ ವುಸೂಕಿಯ ಕಿವಿಗೆ ಬೀಳುತ್ತೆ.

"ನಮ್ಮ ದನಿ ಖಾನುಮ್‌ಗೆ ಗೊತ್ತಾಗಲ್ವಾ?" ಎಂದ ಮಶ್ ಬೆಮಾನ್.

"ನಾನು ಗಂಟಲು ಬದಲಾಯಿಸ್ತೀನಿ," ಎಂದಳು ತೂಬಾ, ಮತ್ತು ಬದಲಾಯಿಸಿದಳು. ಅದು ಮೇಕೆಯ ದನಿಯಾಗಿತ್ತು. ಕಳೆದ ಜನ್ಮದ್ದೋ ಮುಂದಿನದ್ದೋ ತಿಳಿಯದು, ಆದರೆ ಮೇಕೆಯೇ.

"ನೀನೂ ಬದಲಾಯಿಸು," ಎಂದು ಗಂಡನಿಗೆ ಹೇಳಿದಳು.

"ಈ ದನಿ ನನ್ನಪ್ಪ ಕೊಟ್ಟಿದ್ದು. ಬದಲಾಯಿಸಲ್ಲ."

"ನಿಮ್ಮಪ್ಪ ಇನ್ನೇನೂ ಕೊಡ್ಲಿಲ್ಲ, ಇದೊಂದನ್ನಾದ್ರೂ ಒಳ್ಳೇದಕ್ಕೆ ಬಳಸು!"

ಇಫ್ಫತ್ ಇಬ್ಬರ ನಡುವೆ ಕೈ ಅಡ್ಡ ಹಿಡಿದಳು. ಮಾತು ಎರಡೇ ಸಾಲು. ತೂಬಾ ಹೇಳಬೇಕು: "ಹಳೇ ಮನೆ ಇಟ್ಕೊಂಡೋರಿಗೆ ಹೊಸ ವರ್ಷ ಒಲೀತು." ಮಶ್ ಬೆಮಾನ್ ಹೇಳಬೇಕು: "ಹೌದು, ಅವರ ಅಂಗಳ ತುಂಬ್ತು." ಮಶ್ ಬೆಮಾನ್ ಅದನ್ನು ಹೇಳಿದಾಗ, ಮಸೀದಿಯ ಬಾಗಿಲಿಗೆ ಅಂಟಿಸಿದ ಸಾವಿನ ಸುದ್ದಿ ಓದಿದ ಹಾಗಿತ್ತು. ಇನ್ನೊಮ್ಮೆ ಎಂದಳು. ಇನ್ನೊಮ್ಮೆ ಹೇಳಿದ. ಈ ಸಲ ಸತ್ತವರು ಹತ್ತಿರದ ನೆಂಟರು ಎನಿಸಿತು.

"ನಗ್ತಾ ಹೇಳು, ಮಶ್ ಬೆಮಾನ್," ಎಂದು ಇಫ್ಫತ್ ತುಟಿ ಅಲುಗಿಸಿದಳು.

"ನಗ್ತಾನೇ ಹೇಳ್ತಿದೀನಲ್ಲ!"

"ಇದು ಅವನ ನಗು," ಎಂದಳು ತೂಬಾ. "ಮದುವೆ ಮನೇಲೂ ಹೀಗೇ ನಕ್ಕಿದ್ದ. ನಮ್ಮಪ್ಪ ಹೊಟ್ಟೆನೋವಾ ಅಂತ ಕೇಳಿದ್ರು."

ಸಂಜೆ ಇಳಿಯಿತು. ಮಣ್ಣುಗೋಡೆಗಳೆಲ್ಲ ಏಪ್ರಿಕಾಟಿನ ಬಣ್ಣಕ್ಕೆ ತಿರುಗಿದವು. ಗಲ್ಲಿಗಲ್ಲಿಯಲ್ಲೂ ಒಣಗಿದ ಮುಳ್ಳುಪೊದೆಯ ಸಣ್ಣಸಣ್ಣ ಬೆಂಕಿ, ಹಾರುವವರ ಕೇಕೆ, ಎಲ್ಲೋ ಪಟಾಕಿ. ಹಳೆಯ ನೀರತೊಟ್ಟಿಯ ಗುಮ್ಮಟದ ಹಿಂದೆ ಇಫ್ಫತ್ ಕೂತಿದ್ದಳು, ಕತ್ತಿಗೆ ಉಣ್ಣೆಯ ಶಾಲು ಸುತ್ತಿಕೊಂಡು. ಗಲ್ಲಿಯ ಆಚೆ ಮೂಲೆಯಲ್ಲಿ, ಮುಚ್ಚಿದ ಮರದ ಬಾಗಿಲೊಂದರ ಗೂಡಿನೊಳಗೆ, ಫಖ್ರಿ ಖಾನುಮ್ ಚಾದರ ಹೊದ್ದು ಗೋಡೆಗೆ ಮುಖ ಮಾಡಿ ನಿಂತಿದ್ದರು. ಒಂದು ಕಾಲು ಇನ್ನೊಂದಕ್ಕಿಂತ ಎತ್ತರದಲ್ಲಿತ್ತು. ಬೀಗದ ಕೈ ಅಷ್ಟು ದಪ್ಪ.

ಇಫ್ಫತ್‌ಳ ಎದೆ ಜಮಖಾನದಂತೆ ಬಡಿಸಿಕೊಳ್ಳುತ್ತಿತ್ತು. ಬೇರೆ ಯಾರಾದರೂ ಮೊದಲು ದಾಟಿಬಿಟ್ಟರೆ? ಯಾವನೋ ಹೆಂಡತಿಯನ್ನು ಬೈಯುತ್ತ ಬಂದುಬಿಟ್ಟರೆ? ಅವಳು ಗಂಡಹೆಂಡಿರು ಬರಬೇಕಿದ್ದ ಬೇಕರಿಯ ಕಡೆ ನೋಡಿದಳು. ಗಲ್ಲಿಯ ತುದಿಯಲ್ಲಿ ಎರಡು ಆಕೃತಿ ಕಂಡವು. ಮುಂದಿನದು ಬೀಸುಗಾಲು, ಹಿಂದಿನದು ಕುಂಟುಗಾಲು. ದೇವರು ದೊಡ್ಡವನು, ಅವರೇ.

ಮೂಲೆಗೆ ಬರುತ್ತಿದ್ದಂತೆ ತೂಬಾ ಮೇಕೆಯಾದಳು. "ಹಳೇ ಮನೆ ಇಟ್ಕೊಂಡೋರಿಗೆ ಹೊಸ ವರ್ಷ ಒಲೀತೂಊ!"

ಮಶ್ ಬೆಮಾನ್ ಬಾಯಿ ತೆರೆದ. ಏನೂ ಬರಲಿಲ್ಲ. ಅವನಿಗೆ ಸಾಲು ಮರೆತಿದೆ ಎಂದು ಇಷ್ಟು ದೂರದಿಂದಲೂ ಇಫ್ಫತ್‌ಗೆ ಗೊತ್ತಾಯಿತು. ಅವಳು ಗುಮ್ಮಟದ ಹಿಂದಿನಿಂದ "ಅಂಗಳ, ಅಂಗಳ" ಎಂದು ಕೂಗಿದಳು. ಗಾಳಿ ಹೊರಟಿತು, ಅಂಗಳ ಹೊರಡಲಿಲ್ಲ.

ಸುಮ್ಮನಿರಬಾರದೆಂದು, ಸಹಜವಾಗಿ ಏನಾದರೂ ಸಿಹಿ ಮಾತಾಡೋಣವೆಂದು, ಮಶ್ ಬೆಮಾನ್ ಮನಸ್ಸಿನಲ್ಲಿದ್ದದ್ದನ್ನು ಹೇಳಿದ: "ಈ ಸಲ ಹೇರಳೆ ಕುಂಡಗಳನ್ನ ಗಾಜಿನಮನೆಯಿಂದ ತೆಗೆದು ಕೊಳದ ಪಡುವಣಕ್ಕೆ ಇಡ್ತೀನಿ."

ಮೇಕೆ ಅಲ್ಲೇ ಸತ್ತಿತು. "ಪಡುವಣಕ್ಕಾ?" ಎಂದಳು ತೂಬಾ, ತನ್ನ ತುಂಬುಗಂಟಲಲ್ಲಿ. "ಅಡುಗೆಮನೆ ಇರೋದು ಮೂಡಣಕ್ಕೆ! ಹೂ ಉದುರೋ ಕಾಲಕ್ಕೆ ಈ ಮಂಡಿ ಇಟ್ಕೊಂಡು ದಿನಾ ಕೊಳ ಸುತ್ಲಾ ನಾನು?"

"ಮೂಡಣದಲ್ಲಿ ಇಟ್ರೆ ಮಧ್ಯಾಹ್ನದ ಬಿಸಿಲು ನೆಟ್ಟಗೆ ಹೊಡೆಯುತ್ತೆ. ಹೋದ ಬೇಸಿಗೇಲಿ ಎರಡು ಗಿಡ ಸುಟ್ಟೋದ್ವು, ನೆನಪಿಲ್ವಾ?"

"ಗಿಡ ಸುಟ್ರೆ ನಿನಗೆ ನೋವು. ಹೂವಿನ ಷರಬತ್ತಿಲ್ಲ ಅಂತ ಅತಿಥಿಗಳು ನನ್ನ ಸುಟ್ರೆ ನಿನಗೇನೂ ಇಲ್ಲ!"

"ಷರಬತ್ತು, ಷರಬತ್ತು! ಗಿಡ ಬದುಕಿದ್ರೆ ತಾನೇ ಹೂವು!"

"ನಾನು ಬದುಕಿದ್ರೆ ತಾನೇ ಷರಬತ್ತು!"

ಇಫ್ಫತ್ ಎದ್ದು ನಿಂತಳು. ಎರಡೂ ಕೈ ಎತ್ತಿ ಬೀಸಿದಳು, ಕಿವಿ ಹಿಡಿದಳು, ಬಾಯಿ ಮುಚ್ಚಿ ತೋರಿಸಿದಳು, ಗಾಳಿಯಲ್ಲಿ ಕತ್ತು ಹಿಸುಕಿದಳು. ಬೆಂಕಿ ಹಾರಲು ಬಂದ ಎರಡು ಮನೆಯವರು ನಿಂತು, ಇದ್ಯಾವ ಹೊಸ ಕುಣಿತವೆಂದು ಅವಳನ್ನೇ ನೋಡತೊಡಗಿದರು. ಗಂಡಹೆಂಡಿರಿಗೆ ಅವಳು ಕಾಣಿಸಲೇ ಇಲ್ಲ. ಅವರೀಗ ನಿಂತಿದ್ದದ್ದು ಗಲ್ಲಿಯಲ್ಲಿ ಅಲ್ಲ, ಕೊಳದ ಎರಡು ದಡಗಳಲ್ಲಿ.

"ಮುಂದಿನ ವರ್ಷ ನೋಡೋಣ," ಎಂದಳು ತೂಬಾ. "ಈ ವರ್ಷ ಮೂಡಣಕ್ಕೇ ಇಡು."

"ಮುಂದಿನ ವರ್ಷ ಮೂಡಣಕ್ಕೆ ದಾಳಿಂಬೆ ತರ್ತೀನಿ, ಅಲ್ಲಿ ಜಾಗ ಇರಲ್ಲ."

"ನನ್ನ ಬಾಗಿಲಿಗೆ ದಾಳಿಂಬೆ ಮುಳ್ಳಾ? ಯಾರನ್ನ ಕೇಳ್ದೆ?"

"ಇನ್ನೂ ಕೇಳು. ಗಾಜಿನಮನೆ ಹಿಂದೆ ಹೇರಳೆ ಬೀಜ ಹಾಕಿದೀನಿ. ಸಸಿ ಇಷ್ಟುದ್ದ ಬಂದಿದಾವೆ. ಅವು ಹೂ ಬಿಡೋಕೆ ಇನ್ನೂ ಎಷ್ಟೋ ವರ್ಷ ಬೇಕು. ಅಷ್ಟರೊಳಗೆ ನಿನ್ನ ಅಡುಗೆಮನೇನೇ ಕಿತ್ತು ಪಡುವಣಕ್ಕೆ ಇಡಿಸ್ತೀನಿ, ಆಯ್ತಾ!"

ತೂಬಾ ಉಸಿರೆಳೆದುಕೊಂಡಳು. ದೊಡ್ಡ ಉತ್ತರ ಬರುವುದಿತ್ತು.

"ಕುಂಡ ಎಲ್ಲಿಡಬೇಕು ಅಂತ ನನ್ನ ಕೇಳೋರು ಯಾರೂ ಇಲ್ವಾ?" ಎಂದಿತು ಗೋಡೆ.

ಫಖ್ರಿ ಖಾನುಮ್ ಗೂಡಿನಿಂದ ಹೊರಗೆ ಬಂದರು. ಬೀಗದ ಕೈ ಎತ್ತಿಕೊಂಡು, ಮಣ್ಣು ಕೊಡವಿದರು. ಪಟಾಕಿಯೂ ಒಂದು ಕ್ಷಣ ಮರ್ಯಾದೆ ಕೊಟ್ಟಿತು.

ಮಶ್ ಬೆಮಾನ್‌ನ ಕೈ ತಾನಾಗಿ ಎದೆಗೆ ಹೋಯಿತು. "ಖಾನುಮ್ ಎಲ್ಲಿ ಹೇಳ್ತೀರೋ ಅಲ್ಲೇ."

"ನಾವ್ಯಾರು ಹೇಳೋಕೆ," ಎಂದಳು ತೂಬಾ, ನೆಲ ನೋಡುತ್ತ.

"ಮತ್ತೆ ಶುರು ಮಾಡಿದ್ರಾ!" ಖಾನುಮ್ ಬೀಗದ ಕೈಯನ್ನು ಇಬ್ಬರ ಕಡೆಗೂ ಬೀಸಿದರು. "ಈಗಿನ ತನಕ ನಾಲಗೆ ಇತ್ತಲ್ಲ, ಎಲ್ಲಿ ಹೋಯ್ತು? ಹೋಗಿ, ಹೋಗಿ. ಮನೆಗೆ ಹೋಗಿ ಜಗಳ ಮುಗಿಸಿ. ಅರ್ಧಕ್ಕೆ ಬಿಟ್ರೆ ನನಗೆ ನಿದ್ದೆ ಬರಲ್ಲ."

ಅವರು ಹೋದರು. ತಿರುವು ದಾಟುವ ಮುಂಚೆಯೇ "ಪಡುವಣ" ಎಂಬ ಪದ ಮತ್ತೆ ಕೇಳಿಸಿತು.

ಇಫ್ಫತ್ ಗುಮ್ಮಟದ ಹಿಂದೆ ಕುಸಿದು ಕೂತಿದ್ದಳು. ತನ್ನ ಕೈಯಾರೆ ತೋಟವನ್ನು ವುಸೂಕಿಯ ಕಂಕುಳಿಗೆ ಇಟ್ಟೆ ಎಂದುಕೊಂಡಳು. ಮೊದಲು ದಾಟಿದವರು ಜಗಳವಾಡಿದರು. ಅದೂ ಎಂಥ ಜಗಳ, ನೆರೆಹೊರೆಯೆಲ್ಲ ಸಾಕ್ಷಿ. ಖಾನುಮ್ ನಿಧಾನವಾಗಿ ಬಂದು ಅವಳ ಪಕ್ಕದ ಕಲ್ಲಿನ ಮೇಲೆ ಕೂತು ಮಂಡಿ ನೀವಿಕೊಂಡರು.

"ಎಲ್ಲಿ ನಿನ್ನ ಇಬ್ಬರು ಹೆಂಗಸರು?"

ಇಫ್ಫತ್ ತಲೆಯೆತ್ತಿದಳು.

"ಅತ್ತೆಸೊಸೆ ಕಣೇ. ಅಡುಗೆಮನೆ ಗಾಳಿಗೋಪುರ ನನ್ನ ಕೋಣೆಗೂ ಇಳಿಯುತ್ತೆ, ಅಷ್ಟೂ ತಿಳೀದಾ? ಆ ಕಿರ್ಮಾನಿನ ಮುದುಕಿ ಚೆನ್ನಾಗಿದ್ಲು. ಅವಳಿಗೇ ಕಾಯ್ತಿದ್ದೆ. ಗುಟ್ಟಾಗಿ ಶಕುನ ಕೇಳೋಳಾಗಿದ್ರೆ ಯಜ್ದಿನ ಅತಿ ದೊಡ್ಡ ಬಾಯಿಗೆ ಯಾಕೆ ಹೇಳ್ತಿದ್ದೆ?"

"ಯಾಕೆ ಹೇಳಿದ್ರಿ?" ಎಂದು ಇಫ್ಫತ್ ಪಿಸುಗುಟ್ಟಿದಳು.

"ಯಾರಾದ್ರೂ ಮೋಸ ಮಾಡ್ತಾರಾ ನೋಡೋಣ ಅಂತ." ಖಾನುಮ್ ಎದುರಿನ ಬೆಂಕಿ ನೋಡುತ್ತಿದ್ದರು. "ಕೇಳಿದ್ನಲ್ಲ ಅವತ್ತು, ಏನಂತೀರಿ ಅಂತ. ಒಬ್ಬರಾದ್ರೂ ಬೇಡ ಅಂದ್ರಾ? ಕಣ್ಮೇಲೆ, ನೆರಳಲ್ಲಿ! ನನ್ನ ಜೊತೆ ಇವರಿಗೂ ಸಾಕಾಗಿದೆ, ಹೇಳೋಕೆ ನಾಚಿಕೆ ಅಷ್ಟೆ, ಅಂದ್ಕೊಂಡೆ. ಈಗ ನೀನು ಹೇಳು."

ಇಫ್ಫತ್‌ಳ ಬೆರಳು ಅಭ್ಯಾಸಬಲದಿಂದ ಕಣ್ಣಿನ ಕಡೆ ಏಳತೊಡಗಿತು. ಖಾನುಮ್ ಅದನ್ನು ಫಟ್ಟನೆ ಹೊಡೆದು ಕೆಳಗಿಳಿಸಿದರು.

"ಕಣ್ಣಲ್ಲ. ಬಾಯಿ."

ಎರವಲು ತರಲು ಯಾವ ದನಿಯೂ ಇರಲಿಲ್ಲ. ಕಿರ್ಮಾನಿನ ಮುದುಕಿ ಇಲ್ಲ, ಶಿರಾಜಿನ ಎಳೆತವಿಲ್ಲ, ಜೇನು ಸುರಿಯುವ ವುಸೂಕಿಯೂ ಇಲ್ಲ. ಗಂಟಲ ತಳದಲ್ಲಿ ಒಂದಿಷ್ಟು ಮರಳು ಉಳಿದಿತ್ತು, ಅದನ್ನೇ ಕೆರೆದಳು.

"ಮಾರಬೇಡಿ."

"ಇನ್ನೂ?"

"ಉತ್ತರದ ಕೋಣೆಗಳನ್ನ ಮುಚ್ಚೋಣ. ಅಲ್ಲಿ ಛಾವಣಿ ಕೆಟ್ಟಿದೆ, ಯಾರೂ ಉಳಿಯಲ್ಲ. ದಕ್ಷಿಣದ್ದು ಸಾಕು." ಅವಳು ಕೆಮ್ಮಿದಳು. "ಅಂಗಳ ಖಾಲಿ ಬಿದ್ದಿರುತ್ತೆ ಸಂಜೆಯೆಲ್ಲ. ಊರಿನವರಿಗೆ ತೆಗೀರಿ. ತೂಬಾ ಶೂಲಿ ಗಂಜಿ ಮಾಡ್ಲಿ. ಅದಕ್ಕೆ ಈ ಗಲ್ಲಿಯವರೇ ದಿನಾ ಬರ್ತಾರೆ. ಟ್ಯಾಂಕರಿನವನ ಜೊತೆ ನಾನು ಕೂಗಾಡ್ತೀನಿ. ಛಾವಣಿಯವನ ಜೊತೇನೂ. ನೀವು ಬೆಳಿಗ್ಗೆ ಎದ್ದು ಏನು ಉದುರಿದೆ ಅಂತ ನೋಡೋಕೆ ಹೋಗಬೇಡಿ. ನಾನು ನೋಡ್ತೀನಿ. ನೋಡಿ ಹೇಳ್ತೀನಿ. ಒಮ್ಮೊಮ್ಮೆ ಹೇಳಲ್ಲ."

ಇಷ್ಟು ಹೇಳಿ ಮುಗಿಸುವಷ್ಟರಲ್ಲಿ ಅವಳ ಕಣ್ಣಲ್ಲಿ ನೀರು ಬಂದಿತ್ತು, ಅರ್ಧ ಗಂಟಲುನೋವಿಗೆ.

"ಇದನ್ನೆಲ್ಲ ಯಾವಾಗಿಂದ ಯೋಚಿಸ್ತಿದೀಯ?"

"ಎರಡು ಮೂರು ವರ್ಷ."

"ಹೇಳೋಕೇನಾಗಿತ್ತು?"

"ನಿಮ್ಮ ತೋಟ, ಖಾನುಮ್. ಹೇಗೆ ಹೇಳಲಿ? ದೊಡ್ಡೋರು ಅಂತ..."

"ದೊಡ್ಡೋರು!" ಎಂದರು ಫಖ್ರಿ ಖಾನುಮ್. "ನನ್ನ ಕೂರಿಸಿ ಗೌರವ ಕೊಟ್ಟು ಕೊಟ್ಟು ಕೊಂದೇಬಿಡ್ತಿದ್ರಿ ನೀವೆಲ್ಲ ಸೇರಿ."

ಎದುರು ಮನೆಯ ಗಂಡಸೊಬ್ಬ ಬೆಂಕಿ ಹಾರಲು ಓಡಿಬಂದು, ಕೊನೆಗಳಿಗೆಯಲ್ಲಿ ಮನಸ್ಸು ಬದಲಿಸಿ ಪಕ್ಕಕ್ಕೆ ಹೋದ. ಅವನ ಹೆಂಡತಿ ಗೊಳ್ಳನೆ ನಕ್ಕಳು.

"ಆದ್ರೆ ಶಕುನ ಕೆಟ್ಟದ್ದಾಯ್ತಲ್ಲ," ಎಂದು ಇಫ್ಫತ್ ಕೇಳಿದಳು. ಕೇಳದೆ ಇರಲು ಆಗಲಿಲ್ಲ. "ಜಗಳ ಕಿವಿಗೆ ಬಿತ್ತು."

"ನಮ್ಮಮ್ಮನ ಕಿವಿಗೆ ಏನು ಬಿತ್ತು ಗೊತ್ತಾ? ಯಾರೋ ಇಬ್ಬರು ಹಾಡ್ತಾ, ಮಿಠಾಯಿ ಹಂಚ್ತಾ ದಾಟಿದ್ರಂತೆ. ಇದಕ್ಕಿಂತ ಒಳ್ಳೇ ಶಕುನ ಇಲ್ಲ ಅಂತ ನಮ್ಮಪ್ಪನಿಗೆ ಹೂಂ ಅಂದ್ಲು. ಅವನು ವರ್ಷದೊಳಗೆ ಇನ್ನೊಬ್ಬಳನ್ನ ಕಟ್ಕೊಂಡ್ಬಂದ." ಖಾನುಮ್ ಎದ್ದು ನಿಲ್ಲಲು ಕೈ ಚಾಚಿದರು. "ಒಳ್ಳೇ ಮಾತು ನಾನು ಬೇಕಾದಷ್ಟು ಕೇಳಿದೀನಿ. ಇವತ್ತು ಆ ಮುದುಕ ಗುಟ್ಟಾಗಿ ಸಸಿ ಹಾಕಿದಾನೆ ಅಂತ ಕೇಳಿದೆ. ಮಾರೋ ತೋಟದಲ್ಲಿ! ಅಂಥ ಹುಚ್ಚರನ್ನ ಇಟ್ಕೊಂಡು ಮಾರೋದು ಹೇಗೆ? ಏಳು. ಚಳಿಯಾಗ್ತಿದೆ."

ಇಬ್ಬರೂ ಒಬ್ಬರ ತೋಳಿಗೆ ಇನ್ನೊಬ್ಬರು ಜೋತುಕೊಂಡು ಗಲ್ಲಿಯುದ್ದಕ್ಕೂ ನಡೆದರು. ಒಂದು ಬೆಂಕಿ ಆರುವ ಹಂತದಲ್ಲಿತ್ತು, ಅಂಗೈಯಗಲ. ಫಖ್ರಿ ಖಾನುಮ್ ಚಾದರ ಎತ್ತಿ ಅದನ್ನು ದಾಟಿದರು. ಹಾರಿದೆ ಎಂದು ಆಮೇಲೆ ಎಲ್ಲರಿಗೂ ಹೇಳಿದರು.

ಹೋಟೆಲಿಗೆ ಬಂದಾಗ ಅಡುಗೆಮನೆಯ ಜಗಳ ಸಂಧಾನಕ್ಕೆ ಬಂದಿತ್ತು. ಕುಂಡಗಳು ಪಡುವಣಕ್ಕೆ, ಹೂ ಆರಿಸುವುದು ಮಶ್ ಬೆಮಾನ್, ತಪ್ಪಿದ ದಿನ ಅವನಿಗೆ ಊಟವಿಲ್ಲ. ಖಾನುಮ್ ಚಾದರ ತೆಗೆಯದೆ ನೇರವಾಗಿ ಫೋನಿನ ಮುಂದೆ ಕೂತು ವುಸೂಕಿಗೆ ಕರೆ ಮಾಡಿದರು. ಮೊದಲು ಅವನ ಆರೋಗ್ಯ ಕೇಳಿದರು, ಹೆಂಡತಿಯ ಆರೋಗ್ಯ, ಅತ್ತೆಯ ಆರೋಗ್ಯ. ಅವನ ಕೈ ನೋಯದಿರಲಿ ಎಂದರು, ಅವನ ನೆರಳು ಕಡಿಮೆಯಾಗದಿರಲಿ ಎಂದರು. ಅವನೂ ಅಷ್ಟೇ ಹೊತ್ತು ತಿರುಗಿ ಹರಸಿದ. ನಕ್ಷೆ ತುಂಬ ಅಂದವಾಗಿದೆ, ಕಣ್ಣಿಗೆ ಹಬ್ಬ ಎಂದರು. ಆತ ನಕ್ಕ, ಎಲ್ಲ ಆದ ಹಾಗೇ ಎಂದುಕೊಂಡಿರಬೇಕು. ಇಫ್ಫತ್ ಕುರ್ಚಿಯ ಹಿಂಬದಿಯನ್ನು ಬಿಗಿಹಿಡಿದಳು. ಈ ಗುಲಾಬಿನೀರಿನಲ್ಲೇ ಖಾನುಮ್ ಮತ್ತೆ ಮುಳುಗಿಹೋಗುತ್ತಾರೇನೋ ಎನಿಸಿತು.

"ಮಾರೋದಿಲ್ಲ," ಎಂದರು ಫಖ್ರಿ ಖಾನುಮ್.

ಆ ಕಡೆಯಿಂದ "ಅಂದ್ರೆ?" ಎಂದು ಕೇಳಿಸಿತು.

"ಅಂದ್ರೆ, ಮಾರೋದಿಲ್ಲ. ಹಬ್ಬಕ್ಕೆ ಬನ್ನಿ. ಶೂಲಿ ಇರುತ್ತೆ."

ಇಟ್ಟ ಕೂಡಲೇ ಫೋನ್ ಮತ್ತೆ ಬಡಿದುಕೊಂಡಿತು. ವುಸೂಕಿಯೇ ಇರಬೇಕು ಎಂದು ಎಲ್ಲರೂ ಮುಖ ನೋಡಿಕೊಂಡರು. ಖಾನುಮ್ ಎತ್ತಿದರು. ಅವನಲ್ಲ, ಹಮದಾನಿನಿಂದ ಯಾರೋ, ಹೊಸ ವರ್ಷದ ರಜೆಗೆ ಕೋಣೆ ಬೇಕಂತೆ. ಇಫ್ಫತ್ ಕೈ ಚಾಚಿದಳು. ಖಾನುಮ್ ಅವಳ ಗಂಟಲ ಶಾಲನ್ನು ತೋರಿಸಿ ತಲೆಯಾಡಿಸಿ, ತಾವೇ ಮಾತಿಗಿಳಿದರು. ಜೀವನದಲ್ಲಿ ಮೊದಲ ಸಲ.

"ಹೂಂ, ಕೋಣೆ ಇದೆ. ಬಿಸಿನೀರಾ? ಬರುತ್ತೆ, ಬೆಳಿಗ್ಗೆ. ಸಂಜೆ ಬಂದ್ರೆ ನಿಮ್ಮ ಅದೃಷ್ಟ... ಕೊಳದಲ್ಲಿ ನೀರಿದೆ. ಸುರಂಗದ್ದಲ್ಲ, ಟ್ಯಾಂಕರಿಂದು, ಸುಳ್ಳು ಯಾಕೆ ಹೇಳ್ಲಿ?" ಇಫ್ಫತ್ ಹಣೆ ಹಿಡಿದುಕೊಂಡಳು. ಎರಡೂ ಕೈಯಲ್ಲಿ ಸಾಕು, ಸಾಕು ಎಂದು ಸನ್ನೆ ಮಾಡಿದಳು. "ಗದ್ದಲ ಇರಲ್ವಾ ಅಂತೀರಾ? ಇರುತ್ತೆ. ಅಡುಗೆಯವಳು, ಅವಳ ಗಂಡ, ಇಬ್ಬರೂ ಬೆಳಗಿನಿಂದ ಜಗಳ ಆಡ್ತಾರೆ. ನಾನೂ ಇನ್ಮೇಲೆ ಸೇರ್ಕೋತೀನಿ... ಏನಂದ್ರಿ?"

ಖಾನುಮ್ ಫೋನಿನ ಬಾಯಿಗೆ ಅಂಗೈ ಮುಚ್ಚಿ ಇಫ್ಫತ್ ಕಡೆ ತಿರುಗಿದರು. ಮುಖದಲ್ಲಿ ಗಾಬರಿಯಿತ್ತು.

"ನಗ್ತಿದಾನೆ ಕಣೇ. ಅಮ್ಮನ್ನೂ ಕರ್ಕೊಂಡ್ಬರ್ತೀನಿ, ಎರಡು ಕೋಣೆ ಕೊಡಿ ಅಂತಿದಾನೆ. ಏನು ಹೇಳ್ಲಿ?"

"ಹೂಂ ಅನ್ನಿ," ಎಂದು ಇಫ್ಫತ್ ಕಿರಕುಗುಟ್ಟಿದಳು. "ದಕ್ಷಿಣದ ಕಡೆ ಕೊಡಿ."